ನಾಲ್ಕು ಬದಿ, ನಾಲ್ಕು ಸಂಜೆ: ನಾಯ್ಸ್ ರಾಕ್ ಮೊದಲ ಸಲ ಕೇಳುವವರಿಗೆ

ಮದುವೆ ಮನೆಯಲ್ಲಿ ಯಾರಾದರೂ ಮೈಕ್ ಹಿಡಿದುಕೊಂಡು ಸ್ಪೀಕರಿನ ಎದುರಿಗೇ ಹೋಗಿ ನಿಂತರೆ ಕುಂಯ್ಯ್ ಅಂತ ಕಿವಿ ಸೀಳುವ ಸದ್ದು ಬರುತ್ತದಲ್ಲ, ಮೈಕ್ ಸೆಟ್ಟಿನ ಹುಡುಗ ಎದ್ದುಬಿದ್ದು ಓಡಿ ವಾಲ್ಯೂಮ್ ಇಳಿಸುತ್ತಾನಲ್ಲ, ಆ ಸದ್ದನ್ನು ಬೇಕಂತಲೇ ಬರಿಸಿ, ಪಳಗಿಸಿ, ಹಾಡಿನೊಳಗೆ ಕೂರಿಸುವ ಸಂಗೀತವೇ ನಾಯ್ಸ್ ರಾಕ್. ಮೊದಲ ಸಲ ಕೇಳಿದವರಲ್ಲಿ ಬಹಳ ಜನ ಎರಡು ನಿಮಿಷಕ್ಕೆ ಬಂದ್ ಮಾಡುತ್ತಾರೆ. ಅದಕ್ಕೆ ಸಂಗೀತ ಎಷ್ಟು ಕಾರಣವೋ ಕೇಳಿದ ರೀತಿಯೂ ಅಷ್ಟೇ ಕಾರಣ: ಫೋನಿನ ಪುಟ್ಟ ಸ್ಪೀಕರು, ತಪ್ಪು ಆಲ್ಬಮ್ಮು, ಒಂದೇ ಉಸಿರಿಗೆ ಎಪ್ಪತ್ತು ನಿಮಿಷ. ಈ ಮೂರನ್ನು ಸರಿಪಡಿಸಿಕೊಂಡು ಕೂತರೆ ಇಷ್ಟವಾಗದಿದ್ದರೂ ಏನು ನಡೀತಿದೆ ಅನ್ನೋದಂತೂ ಕಿವಿಗೆ ಸಿಗುತ್ತದೆ.

ಯಾವುದರಿಂದ ಶುರು ಮಾಡಬೇಕು

ನ್ಯೂಯಾರ್ಕಿನ ಸೋನಿಕ್ ಯೂತ್ ತಂಡದ "ಡೇಡ್ರೀಮ್ ನೇಶನ್" ಆಲ್ಬಮ್ಮಿನಿಂದ ಶುರು ಮಾಡಿ. ತಂಡ ಹುಟ್ಟಿದ್ದು 1981ರಲ್ಲಿ, ನಿಂತಿದ್ದು 2011ರಲ್ಲಿ. ಥರ್ಸ್ಟನ್ ಮೂರ್ ಮತ್ತು ಲೀ ರನಾಲ್ಡೊ ಗಿಟಾರ್, ಕಿಮ್ ಗಾರ್ಡನ್ ಬೇಸ್, 1985ರಿಂದ ಸ್ಟೀವ್ ಶೆಲ್ಲಿ ಡ್ರಮ್ಸ್. ಮೊದಲ ಮೂವರೂ ಹಾಡುತ್ತಾರೆ. ಆಲ್ಬಮ್ ಬಂದಿದ್ದು 1988ರ ಅಕ್ಟೋಬರಿನಲ್ಲಿ, ಎರಡು ಎಲ್‌ಪಿ ತಟ್ಟೆಗಳಾಗಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕಾಪಿಡುವ ಧ್ವನಿಮುದ್ರಣಗಳ ರಾಷ್ಟ್ರೀಯ ಪಟ್ಟಿಯಲ್ಲೂ ಇದು ಇದೆ.

ಇದನ್ನೇ ಆರಿಸಲು ಮುಖ್ಯ ಕಾರಣ ಆ ಗೌರವವಲ್ಲ, ಇಲ್ಲಿ ಹಿಡಿದುಕೊಳ್ಳಲು ಆಸರೆ ಇದೆ ಅನ್ನೋದು. ಪ್ರತಿ ಹಾಡಿಗೂ ಒಂದು ಗಟ್ಟಿ ಧಾಟಿ ಇದೆ, ಡ್ರಮ್ಸ್ ಸ್ಪಷ್ಟವಾಗಿದೆ. ಧ್ವನಿಮುದ್ರಣ ನಡೆದ ಗ್ರೀನ್ ಸ್ಟ್ರೀಟ್ ಸ್ಟುಡಿಯೊ ಆ ಕಾಲಕ್ಕೆ ಹಿಪ್-ಹಾಪ್‌ಗೆ ಹೆಸರಾಗಿತ್ತು. ಎಂಜಿನಿಯರ್ ನಿಕ್ ಸಾನ್ಸಾನೊ ಪಬ್ಲಿಕ್ ಎನಿಮಿಯಂಥ ತಂಡದ ಜೊತೆ ಕೆಲಸ ಮಾಡಿದವರು. ಗದ್ದಲ ಎಷ್ಟೇ ಎದ್ದರೂ ಕೆಳಗಿನ ಪೆಟ್ಟು ಮುಚ್ಚಿಹೋಗುವುದಿಲ್ಲ. ಇದೇ ತಂಡದ 1983ರ "ಕನ್‌ಫ್ಯೂಷನ್ ಈಸ್ ಸೆಕ್ಸ್" ತೆಗೆದುಕೊಂಡರೆ ಆ ಆಸರೆ ಇಲ್ಲ. ಅದು ಒಳ್ಳೆಯ ಆಲ್ಬಮ್ಮೇ, ಆದರೆ ಮೊದಲ ದಿನಕ್ಕಲ್ಲ. ಅಮೆರಿಕದ ರಾಕ್ ಗಾಯಕ ಲೂ ರೀಡ್ 1975ರಲ್ಲಿ ತಂದ "ಮೆಟಲ್ ಮೆಷೀನ್ ಮ್ಯೂಸಿಕ್" ಹಾಕಿ ಅಂತ ಯಾರಾದರೂ ಸಲಹೆ ಕೊಟ್ಟರೆ ನಿಮ್ಮ ಕಾಲೆಳೀತಿದ್ದಾರೆ ಅಂದುಕೊಳ್ಳಿ. ಅದರಲ್ಲಿ ಡ್ರಮ್ಮೂ ಇಲ್ಲ, ಹಾಡೂ ಇಲ್ಲ. ಒಂದು ಗಂಟೆ ಮೀರಿ ಬರೀ ಫೀಡ್‌ಬ್ಯಾಕ್, ಅಂದರೆ ಆ ಮೈಕಿನ ಕುಂಯ್ಯ್ ಥರದ ಸದ್ದು.

ಆ್ಯಪ್‌ನಲ್ಲಿ ಹುಡುಕುವಾಗ ಮುಖಪುಟ ನೋಡಿ: ಉರಿಯುವ ಒಂದೇ ಒಂದು ಮೇಣದಬತ್ತಿ, ಜರ್ಮನಿಯ ಕಲಾವಿದ ಗೆರ್ಹಾರ್ಡ್ ರಿಕ್ಟರ್ 1983ರಲ್ಲಿ ಬರೆದ ಚಿತ್ರ. ಇದರ ಡಿಲಕ್ಸ್ ಆವೃತ್ತಿಯೂ ಇದೆ, ಅದರಲ್ಲಿ ವೇದಿಕೆಯ ಧ್ವನಿಮುದ್ರಣಗಳು ಸೇರಿವೆ. ಅದೇ ಸಿಕ್ಕಿದರೆ ಮೂಲ ಹಾಡುಗಳು ಮುಗಿದಲ್ಲಿ ನಿಲ್ಲಿಸಿ. ಮೂಲದಲ್ಲಿ ಹನ್ನೆರಡು ಹಾಡು. ಕೊನೆಯ "ಟ್ರಿಲಜಿ" ಮೂರು ತುಂಡಾಗಿ ಕಂಡರೆ ಲೆಕ್ಕ ಹದಿನಾಲ್ಕಾಗುತ್ತದೆ. ಗಾಬರಿ ಬೇಡ.

ಕೂರುವ ಮೊದಲು ಫೋನಿನಲ್ಲಿ ಸರಿಮಾಡಬೇಕಾದದ್ದು

ಮೊದಲು ಸ್ಟ್ರೀಮಿಂಗ್ ಗುಣಮಟ್ಟ. ಡೇಟಾ ಉಳಿಸಲು "ಲೋ" ಇಟ್ಟಿದ್ದರೆ ಮೇಲಕ್ಕೇರಿಸಿ: 256 ಅಥವಾ 320 ಕೆಬಿಪಿಎಸ್, ಇದ್ದರೆ ಲಾಸ್‌ಲೆಸ್ (ಏನನ್ನೂ ಕತ್ತರಿಸದ ಆವೃತ್ತಿ). ಇದು ಆಡಿಯೊ ಹುಚ್ಚಿನವರ ಮಡಿವಂತಿಕೆ ಅಲ್ಲ. ಕಂಪ್ರೆಷನ್ ಮಾಡುವ ತಂತ್ರಾಂಶ ಸದ್ದಿನಲ್ಲಿ ಕ್ರಮ ಹುಡುಕಿ, ಕಿವಿಗೆ ಗೊತ್ತಾಗದ್ದನ್ನು ಬಿಟ್ಟು, ಜಾಗ ಉಳಿಸುತ್ತದೆ. ಒಂಟಿ ಕೊಳಲಿನಲ್ಲಿ ಕ್ರಮ ಸುಲಭವಾಗಿ ಸಿಗುತ್ತದೆ. ಗಿಟಾರಿನ ಗೊರಗೊರ, ಡ್ರಮ್ಸ್ ಜೊತೆಗಿನ ಲೋಹದ ತಟ್ಟೆ ಸಿಂಬಲ್ಲಿನ ಝಣಝಣದಲ್ಲಿ ಸಿಗುವುದಿಲ್ಲ. ಸಿಗದೇ ಇದ್ದಾಗ ಅದು ಕೈಗೆ ಬಂದದ್ದನ್ನು ಕತ್ತರಿಸುತ್ತದೆ, ಸಿಂಬಲ್ ನೀರು ಹರಿದ ಹಾಗೆ ಸೊಯ್ಯ್ ಅನ್ನುತ್ತದೆ. ಕಡಿಮೆ ಗುಣಮಟ್ಟದಲ್ಲಿ ಭಾವಗೀತೆ ಹೇಗೋ ನಡೆದುಹೋಗುತ್ತದೆ, ಈ ಸಂಗೀತ ಹಾಳಾಗುತ್ತದೆ. ಬ್ಲೂಟೂತ್ ತನ್ನ ಪಾಲಿನದನ್ನು ಮತ್ತೆ ಕತ್ತರಿಸುವುದರಿಂದ, ಇದ್ದರೆ ವೈರ್ ಇರುವ ಹೆಡ್‌ಫೋನ್ ಲೇಸು.

ಆಮೇಲೆ ಷಫಲ್ ಆಫ್. ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆಯನ್ನು ಮುಂದಿನದರ ಶುರುವಿಗೆ ಬೆರೆಸುವುದು) ಸೊನ್ನೆ. ಗ್ಯಾಪ್‌ಲೆಸ್ ಆನ್, ಇಲ್ಲದಿದ್ದರೆ "ಟ್ರಿಲಜಿ"ಯ ನಡುವೆ ತೂತು ಬೀಳುತ್ತದೆ. ಈಕ್ವಲೈಜರ್, ಬೇಸ್ ಬೂಸ್ಟ್, ಸರೌಂಡ್, ಸ್ಪೇಶಿಯಲ್ ಇತ್ಯಾದಿ ಎಲ್ಲಾ ಆಫ್: ಎರಡು ಗಿಟಾರುಗಳನ್ನು ಎಡ-ಬಲ ಬಿಡಿಸಿ ಕೇಳುವುದೇ ಇಲ್ಲಿ ಅರ್ಧ ಕೆಲಸ, ಈ ಸೆಟ್ಟಿಂಗುಗಳು ಅದನ್ನೇ ಕಲಸಿಬಿಡುತ್ತವೆ. ಫ್ಯಾನ್ ನಿಲ್ಲಿಸಿ ಅಥವಾ ಒಂದಕ್ಕೆ ಇಳಿಸಿ. ಗದ್ದಲದ ಸಂಗೀತಕ್ಕೆ ಫ್ಯಾನಿನ ಸದ್ದು ಏನು ಮಾಡೀತು ಅನ್ನಬೇಡಿ; ಫ್ಯಾನಿನ ಗಾಳಿ ಸದ್ದೂ ಅದೇ ಜಾತಿಯದ್ದಾದ್ದರಿಂದ ಸಣ್ಣ ವಿವರಗಳನ್ನು ಮೊದಲು ಮುಚ್ಚುವುದೇ ಅದು.

ಲ್ಯಾಪ್‌ಟಾಪ್ ಸ್ಪೀಕರು ಬೇಡವೇ ಬೇಡ. ಬೇಸೂ ಡ್ರಮ್ಸಿನ ತಳಪೆಟ್ಟೂ ಅದರಲ್ಲಿ ಬರುವುದಿಲ್ಲ. ಅವೆರಡೂ ಹೋದರೆ ಉಳಿಯುವುದು ಮೇಲಿನ ಕರ್ಕಶ ಮಾತ್ರ, ಅಡಿಪಾಯವಿಲ್ಲದ ಗೋಡೆ.

ವಾಲ್ಯೂಮ್ ಹದ

ಹೊಸಬರು ತಪ್ಪುವುದು ಇಲ್ಲಿ, ಅದೂ ಎರಡು ಕಡೆಗೂ. ಹೆದರಿ ತೀರ ಕಡಿಮೆ ಇಟ್ಟರೆ ಸಂಗೀತ ಇನ್ನಷ್ಟು ಕೆಟ್ಟದಾಗಿ ಕೇಳುತ್ತದೆ. ಸದ್ದು ಇಳಿದಂತೆ ನಮ್ಮ ಕಿವಿಗೆ ತಗ್ಗು ಸ್ವರಗಳು ಬೇಗ ಮರೆಯಾಗಿ, ನಡುವಿನ ಮೊನಚು ಸ್ವರಗಳು ಉಳಿದುಕೊಳ್ಳುತ್ತವೆ. ನಾಯ್ಸ್ ರಾಕ್ ಅಂದಮೇಲೆ ಜೋರಾಗೇ ಕೇಳಬೇಕು ಅಂತ ಪೂರ್ತಿ ಏರಿಸಿದರೆ ಹತ್ತು ನಿಮಿಷಕ್ಕೆ ಕಿವಿ ದಣಿದು ಎಲ್ಲವೂ ಒಂದೇ ಮುದ್ದೆಯಾಗುತ್ತದೆ.

ಮೊದಲ ಹಾಡು "ಟೀನ್ ಏಜ್ ರಯಟ್" ಇದಕ್ಕೆ ಒಂದು ಬಲೆಯನ್ನೇ ಒಡ್ಡಿದೆ. ಮೊದಲ ಒಂದೂ ಕಾಲು ನಿಮಿಷ ಅದು ಮೆಲ್ಲಗಿರುತ್ತದೆ: ಹಗುರ ಗಿಟಾರು, ಅದರ ಮೇಲೆ ಕಿಮ್ ಗಾರ್ಡನ್ ಪಿಸುಗುಟ್ಟಿದಂತೆ ಆಡುವ ಬಿಡಿ ಮಾತುಗಳು. ಅಲ್ಲಿಗೆ ತಕ್ಕಂತೆ ವಾಲ್ಯೂಮ್ ಏರಿಸಿದರೆ ಮುಂದಿನ ರಿಫ್ (ಮತ್ತೆಮತ್ತೆ ಬರುವ ಗಿಟಾರಿನ ತುಣುಕು) ಬಂದಾಗ ಬೆಚ್ಚಿಬೀಳುತ್ತೀರಿ. ಹಾಗಾಗಿ ಮೊದಲು ಎರಡನೇ ನಿಮಿಷಕ್ಕೆ ಜಿಗಿಯಿರಿ. ಡ್ರಮ್ಸ್, ಎರಡು ಗಿಟಾರು, ಹಾಡು ಎಲ್ಲ ಇರುವ ಜಾಗದಲ್ಲಿ ವಾಲ್ಯೂಮ್ ಹೊಂದಿಸಿ. ಹೆಡ್‌ಫೋನ್ ಹಾಕಿದ್ದಾಗ ಕೈಯಳತೆಯಲ್ಲಿ ನಿಂತವರು ಸ್ವಲ್ಪ ಜೋರಾಗಿ ಮಾತಾಡಿದರೆ ನಿಮಗೆ ಗೊತ್ತಾಗಬೇಕು. ಕೂಗಿ ಕರೆದರೂ ಕೇಳದಿದ್ದರೆ ಜಾಸ್ತಿಯಾಯಿತು. ಆಮೇಲೆ ಹಾಡಿನ ಶುರುವಿಗೆ ಹಿಂತಿರುಗಿ, ವಾಲ್ಯೂಮ್ ಮತ್ತೆ ಮುಟ್ಟಬೇಡಿ. ವಾರಕ್ಕೆ 40 ಗಂಟೆ, 80 ಡೆಸಿಬೆಲ್ ಎಂಬುದು ದೊಡ್ಡವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ. ಹೆಡ್‌ಫೋನಿನ ಡೆಸಿಬೆಲ್ ತೋರಿಸುವ ಸೌಲಭ್ಯ ನಿಮ್ಮ ಫೋನಿನಲ್ಲಿದ್ದರೆ ಒಮ್ಮೆ ನೋಡಿಕೊಳ್ಳಿ.

ಮೊದಲ ಸಂಜೆ: ಒಂದೇ ಬದಿ

ಆಲ್ಬಮ್ ಒಟ್ಟು ಎಪ್ಪತ್ತು ನಿಮಿಷ ಚಿಲ್ಲರೆ. ಅದನ್ನು ಒಂದೇ ಕೂತಕ್ಕೆ ಕೇಳಬೇಕು ಅನ್ನುವುದು ಸಿಡಿ ಮತ್ತು ಆ್ಯಪ್ ತಂದ ಅಭ್ಯಾಸ. ಎಲ್‌ಪಿಯಲ್ಲಿ ಇದು ನಾಲ್ಕು ಬದಿ, ಒಂದೊಂದೂ 17-18 ನಿಮಿಷ. ಬದಿ ಮುಗಿದಾಗ ಎದ್ದು ತಟ್ಟೆ ತಿರುಗಿಸಲೇಬೇಕಿತ್ತು. ಆ ಬಲವಂತದ ಬಿಡುವನ್ನು ನೀವೂ ಪಾಲಿಸಿ: ದಿನಕ್ಕೊಂದು ಬದಿ, ನಾಲ್ಕು ಸಂಜೆ.

ಮೊದಲ ಬದಿಯಲ್ಲಿ ಮೂರು ಹಾಡು: "ಟೀನ್ ಏಜ್ ರಯಟ್", "ಸಿಲ್ವರ್ ರಾಕೆಟ್", "ದ ಸ್ಪ್ರಾಲ್". ಎರಡು ಸುತ್ತು ಕೇಳಿ.

ಮೊದಲ ಸುತ್ತಿನಲ್ಲಿ ಗಿಟಾರನ್ನು ಬಿಟ್ಟುಬಿಡಿ, ಡ್ರಮ್ಸ್ ಒಂದನ್ನೇ ಹಿಂಬಾಲಿಸಿ. ತೊಡೆಯ ಮೇಲೆ ನಾಲ್ಕು ಎಣಿಸಿ. ಕಛೇರಿಯಲ್ಲಿ ತಾಳ ಹಾಕಿ ಅಭ್ಯಾಸವಿದ್ದವರಿಗೆ ಇದು ಮಗುವಿನ ಆಟ. ಲೆಕ್ಕ ಸರಳ, ತೊಡಕೆಲ್ಲ ಮೇಲಿನ ಪದರದಲ್ಲಿ. ಪದಗಳನ್ನು ಅರ್ಥ ಮಾಡಿಕೊಳ್ಳಲು ಹೋಗಬೇಡಿ, ಸಾಹಿತ್ಯ ತೆರೆದಿಟ್ಟುಕೊಂಡು ಓದುತ್ತಾ ಕೇಳಬೇಡಿ. ಕಣ್ಣು ಓದಿದರೆ ಕಿವಿ ಆ ಹೊತ್ತಿಗೆ ರಜೆ ಹಾಕುತ್ತದೆ. ಇಲ್ಲಿ ಕಂಠವೂ ಇನ್ನೊಂದು ವಾದ್ಯ, ಅದನ್ನು ಬೇಕೆಂದೇ ಗಿಟಾರಿಗಿಂತ ಮೇಲೆ ಕೂರಿಸಿಲ್ಲ.

"ಸಿಲ್ವರ್ ರಾಕೆಟ್" ಮೂರೂ ಮುಕ್ಕಾಲು ನಿಮಿಷದ ಹಾಡು. ಇಡೀ ಶೈಲಿಯನ್ನು ಅಷ್ಟರಲ್ಲೇ ಕಲಿಸಿಬಿಡುತ್ತದೆ, ಅದಕ್ಕೇ ಇದನ್ನು ಮೂರು ಸಲ ಹಾಕಿದರೂ ತಪ್ಪಿಲ್ಲ. ಶುರುವಿನಲ್ಲಿ ಓಡುವ ರಾಕ್ ಹಾಡು, ಪಲ್ಲವಿ-ಚರಣ ಎಲ್ಲಾ ಇದ್ದಲ್ಲೇ ಇದೆ. ಸರಿಸುಮಾರು ಮಧ್ಯಕ್ಕೆ ಬಂದಾಗ ಗಂಟು ಬಿಚ್ಚಿದಂತೆ ಹಾಡು ಹರಡಿಹೋಗುತ್ತದೆ. ಸ್ವರ ಅನ್ನುವಂಥದ್ದು ಇರುವುದಿಲ್ಲ, ಗಿಟಾರುಗಳು ಕಿರುಚುತ್ತವೆ, ಗುರುಗುಡುತ್ತವೆ. ಹೆಚ್ಚಿನವರು ಕೈ ಚಾಚಿ ಮುಂದಿನ ಹಾಡಿಗೆ ಹೋಗುವುದು ಇಲ್ಲೇ. ಹೋಗಬೇಡಿ. ಒಂದು ನಿಮಿಷವೂ ದಾಟುವುದರೊಳಗೆ ಚೂರುಗಳು ಒಟ್ಟುಗೂಡಿ, ಅದೇ ರಿಫ್ ಅದೇ ವೇಗದಲ್ಲಿ ಬಂದು ಬೀಳುತ್ತದೆ. ತನಿ ಆವರ್ತನ ಮುಗಿದು ಹಾಡುಗಾರರು ಎತ್ತುಗಡೆ ಹಿಡಿದಾಗ ಸಭೆಯಲ್ಲಿ ಒಂದು ನಿರಾಳ ಹಾಯುತ್ತದಲ್ಲ, ಇಲ್ಲಿ ಕಾಯಬೇಕಾದ್ದು ಅದಕ್ಕೆ. ಮರಳುವಿಕೆ ಗೊತ್ತಿಲ್ಲದೆ ಕೇಳಿದರೆ ನಡುವಿನದು ಬರೀ ಕಿರಿಕಿರಿ. ಗೊತ್ತಿದ್ದು ಕೇಳಿದರೆ ಅದು ಎಳೆದು ಹಿಡಿದ ಬಿಲ್ಲು.

ಎರಡನೇ ಸುತ್ತಿನಲ್ಲಿ ಗದ್ದಲದ ಭಾಗ ಬಂದಾಗ "ಇದು ಯಾವ ಸ್ವರ" ಅಂತ ಕೇಳಿಕೊಳ್ಳುವುದನ್ನು ಬಿಡಿ. ಉತ್ತರ ಸಿಗುವುದಿಲ್ಲ, ಸಿಗದಿದ್ದಾಗ ತಲೆನೋವು ಶುರು. ಬದಲಿಗೆ ಹೀಗೆ ಕೇಳಿಕೊಳ್ಳಿ: ಸದ್ದು ಎಡಗಿವಿಯದೋ ಬಲಗಿವಿಯದೋ? ಮರಳಿನ ಹಾಗೆ ತರಿತರಿಯೋ, ಎಣ್ಣೆಯ ಹಾಗೆ ನುಣುಪೋ? ಬೆಳೆಯುತ್ತಿದೆಯೋ ಕುಗ್ಗುತ್ತಿದೆಯೋ? ಎಡಕ್ಕೊಂದು ಸಲ, ಬಲಕ್ಕೊಂದು ಸಲ ಗಮನ ಕೊಟ್ಟರೆ ಇಬ್ಬರು ಬೇರೆಬೇರೆ ಕೆಲಸ ಮಾಡುತ್ತಿರುವುದು ಗೊತ್ತಾಗತೊಡಗುತ್ತದೆ.

"ದ ಸ್ಪ್ರಾಲ್" ಏಳೂ ಮುಕ್ಕಾಲು ನಿಮಿಷ. ಅದರ ಹಾಡು ಮುಗಿದಮೇಲೂ ವಾದ್ಯಗಳು ಬಹಳ ಹೊತ್ತು ನಿಧಾನಕ್ಕೆ ಕರಗುತ್ತಾ ಹೋಗುತ್ತವೆ. ಏನಾದರೂ ಆಗಲಿ ಅಂತ ಕಾಯುತ್ತಾ ಕೂತರೆ ಬೇಸರ ಬರುತ್ತದೆ, ಏನೂ ಆಗುವುದಿಲ್ಲ. ಮಳೆ ನಿಂತ ಮೇಲಿನ ಹೆಂಚಿನ ನೀರಿನಂತೆ ಅದು ತಾನಾಗಿ ನಿಲ್ಲುವವರೆಗೆ ಬಿಟ್ಟುಕೊಡಿ.

ಆ ಸದ್ದು ಬರುವುದು ಎಲ್ಲಿಂದ

ಎರಡನೇ ಸಂಜೆಗೆ ಮೊದಲು ಇಷ್ಟು ತಿಳಿದುಕೊಂಡಿದ್ದರೆ ಕಿವಿಗೆ ಗುರುತು ಹತ್ತುತ್ತದೆ. ಮೂರು ಮೂಲ.

ಒಂದು ಫೀಡ್‌ಬ್ಯಾಕ್. ತಂತಿ ಅದುರುತ್ತದೆ, ಗಿಟಾರಿನ ಪಿಕಪ್ ಅದನ್ನು ವಿದ್ಯುತ್ತಾಗಿಸುತ್ತದೆ, ಆಂಪ್ ದೊಡ್ಡದು ಮಾಡುತ್ತದೆ, ಸ್ಪೀಕರಿನಿಂದ ಹೊರಟ ಗಾಳಿ ಅದೇ ತಂತಿಯನ್ನು ಮತ್ತೆ ಅದುರಿಸುತ್ತದೆ. ಸುತ್ತು ಮುಗಿಯುವುದೇ ಇಲ್ಲ. ಮದುವೆ ಮನೆಯ ಮೈಕಿನದೂ ಇದೇ ಕತೆ. ವ್ಯತ್ಯಾಸ ಏನೆಂದರೆ ನುಡಿಸುವವರು ಆಂಪಿನಿಂದ ಎಷ್ಟು ದೂರ, ಯಾವ ಕೋನದಲ್ಲಿ ನಿಂತಿದ್ದಾರೆ ಎಂಬುದರ ಮೇಲೆ ಯಾವ ಸ್ವರ ಎದ್ದೇಳಬೇಕು ಅನ್ನುವುದು ನಿರ್ಧಾರವಾಗುತ್ತದೆ. ಒಂದು ಹೆಜ್ಜೆ ಸರಿದರೆ ಸ್ವರ ಮೇಲಿನ ಸ್ಥಾಯಿಗೆ ಹಾರಬಹುದು. ಗುರುತಿಸುವುದು ಸುಲಭ: ಮೀಟಿದ ಸ್ವರ ಹುಟ್ಟಿದ ಕ್ಷಣದಿಂದ ಸಣ್ಣದಾಗುತ್ತಾ ಹೋಗುತ್ತದೆ, ಫೀಡ್‌ಬ್ಯಾಕ್ ಸಣ್ಣದಾಗಿ ಹುಟ್ಟಿ ದೊಡ್ಡದಾಗುತ್ತಾ ಹೋಗುತ್ತದೆ. ಈ ಒಂದು ಸೂತ್ರ ಇಟ್ಟುಕೊಂಡರೆ ಆಲ್ಬಮ್ಮಿನ ಅರ್ಧ ಗದ್ದಲ ಬಿಡಿಸಬಹುದು.

ಇನ್ನೊಂದು ಶ್ರುತಿ. ಸೋನಿಕ್ ಯೂತ್ ಗಿಟಾರನ್ನು ಎಲ್ಲರಂತೆ ಶ್ರುತಿ ಮಾಡುತ್ತಿರಲಿಲ್ಲ. ಶುರುವಿನ ದಿನಗಳಲ್ಲಿ ಅವರ ಕೈಲಿದ್ದ ಅಗ್ಗದ ಗಿಟಾರುಗಳು ಮಾಮೂಲಿ ಶ್ರುತಿಯಲ್ಲಿ ಚೆನ್ನಾಗಿ ನುಡಿಯುತ್ತಿರಲಿಲ್ಲ, ಅದಕ್ಕೆ ತಮ್ಮದೇ ಶ್ರುತಿ ಕಟ್ಟಿಕೊಂಡರು. ಎರಡು ಮೂರು ತಂತಿಗಳನ್ನು ಒಂದೇ ಸ್ವರಕ್ಕೆ, ಅಥವಾ ಒಂದೇ ಸ್ವರದ ಕೂದಲೆಳೆ ಆಚೀಚೆಗೆ ತಂದರೆ ಅವುಗಳ ನಡುವೆ ಅಲೆ ಏಳುತ್ತದೆ. ತಂಬೂರಿ ಶ್ರುತಿ ಮಾಡುವವರಿಗೆ ಇದು ಗೊತ್ತು: ನಡುವಿನ ಎರಡು ತಂತಿ ಇನ್ನೂ ಕೂಡದೆ ಇದ್ದಾಗ ವಾಂ... ವಾಂ... ಅನ್ನುತ್ತದೆ, ಕೂಡಿದಂತೆಲ್ಲ ಅಲೆ ನಿಧಾನವಾಗಿ ಕೊನೆಗೆ ನಿಲ್ಲುತ್ತದೆ. ತಂಬೂರಿಯವರು ಅಲೆ ನಿಂತಮೇಲೆ ಹಾಡು ಶುರು ಮಾಡುತ್ತಾರೆ. ಇವರು ಅಲೆಯನ್ನೇ ಇಟ್ಟುಕೊಂಡು ಶುರು ಮಾಡುತ್ತಾರೆ.

ಮನೆಯಲ್ಲೇ ನೋಡಬೇಕೆಂದರೆ ಎರಡು ಫೋನು ತನ್ನಿ, ಎರಡರಲ್ಲೂ ಟೋನ್ ಜನರೇಟರ್ ಆ್ಯಪ್ ಹಾಕಿ. ಒಂದಕ್ಕೆ 440 ಹರ್ಟ್ಸ್, ಇನ್ನೊಂದಕ್ಕೆ 442 ಕೊಟ್ಟು ಪಕ್ಕಪಕ್ಕ ಇಡಿ. ಸೆಕೆಂಡಿಗೆ ಎರಡು ಸಲ ಸದ್ದು ಉಬ್ಬಿ ಇಳಿಯುತ್ತದೆ, ಏಕೆಂದರೆ ವ್ಯತ್ಯಾಸ ಎರಡು. ಈಗ 442ನ್ನು ನಿಧಾನಕ್ಕೆ 460ರತ್ತ ಒಯ್ಯಿರಿ. ಉಬ್ಬಿಳಿತ ಎಣಿಸಲಾಗದಷ್ಟು ವೇಗವಾಗಿ, ಕೊನೆಗೆ ಸದ್ದು ಒರಟಾಗುತ್ತದೆ. "ಕರ್ಕಶ" ಅಂತ ನಾವು ಅನ್ನುವುದರ ಒಂದು ದೊಡ್ಡ ಪಾಲು ಈ ಒರಟುತನವೇ. ಇದರ ಮೇಲೆ ಡಿಸ್ಟಾರ್ಷನ್ ಸೇರಿದರೆ, ಅಂದರೆ ಆಂಪಿಗೆ ತಡೆಯಲಾಗದಷ್ಟು ಸಿಗ್ನಲ್ ಕೊಟ್ಟು ಅಲೆಯ ತುದಿಗಳನ್ನು ಕತ್ತರಿಸಿದರೆ, ಇಲ್ಲದಿದ್ದ ಹೊಸ ಸ್ವರಗಳೂ ಹುಟ್ಟಿಕೊಳ್ಳುತ್ತವೆ.

ಹಾಡಿಗೊಂದು ಶ್ರುತಿ ಆದ್ದರಿಂದ ಹಾಡಿಗೊಂದು ಗಿಟಾರೂ ಬೇಕು. ವೇದಿಕೆಗೆ ಡಜನ್‌ಗಟ್ಟಲೆ ಗಿಟಾರು ಒಯ್ಯುತ್ತಿದ್ದದ್ದು ಷೋಕಿಗಲ್ಲ. 1999ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅವರ ಸಲಕರಣೆ ತುಂಬಿದ್ದ ಲಾರಿಯೇ ಕಳುವಾಯಿತು. ಮಾರ್ಪಡಿಸಿ ಮಾರ್ಪಡಿಸಿ ಒಂದೊಂದು ಹಾಡಿಗೆ ಹದಗೊಂಡಿದ್ದ ಗಿಟಾರುಗಳು ಹೋದಾಗ ಕೆಲವು ಹಾಡುಗಳ ಸದ್ದೂ ಅವುಗಳ ಜೊತೆ ಹೋದಂತೆಯೇ. ಅಂಗಡಿಯಿಂದ ಹೊಸದು ತಂದರೆ ಆ ಸದ್ದು ಬರುವುದಿಲ್ಲ.

ಮೂರನೆಯದು ಗಿಟಾರಿಗೆ ಸೇರದ ವಸ್ತುಗಳು: ಡ್ರಮ್ ಕೋಲು, ಸ್ಕ್ರೂಡ್ರೈವರ್. ಕೋಲನ್ನು ತಂತಿಗಳ ಅಡಿಗೆ ತೂರಿಸಿದರೆ ಅದು ಇನ್ನೊಂದು ಕುದುರೆಯಾಗಿ ತಂತಿಯನ್ನು ಎರಡು ಪಾಲು ಮಾಡುತ್ತದೆ. 12ನೇ ಫ್ರೆಟ್ಟಿನ (ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಮೇಲೆ ಇಟ್ಟರೆ ಎರಡೂ ಪಾಲು ಸಮ, ಎರಡರಲ್ಲೂ ಒಂದೇ ಸ್ವರ. 7ನೆಯದರ ಮೇಲೆ ಇಟ್ಟರೆ ಒಂದು ಪಾಲು ಇನ್ನೊಂದರ ಎರಡರಷ್ಟು, ನಡುವೆ ಒಂದು ಸ್ಥಾಯಿಯ ಅಂತರ. ಇಂಥ ಜಾಗಗಳಲ್ಲಿ ಒಂದು ಪಾಲನ್ನು ಮೀಟಿದರೆ ಇನ್ನೊಂದು ತಾನೇ ನುಡಿದು ಗಂಟೆಯಂತೆ ಕೇಳುತ್ತದೆ. ಈ ಲೆಕ್ಕ ತಪ್ಪಿದ ಜಾಗದಲ್ಲಿ ಇಟ್ಟರೆ ಪಾತ್ರೆ ಬಿದ್ದಂತೆ ಕೇಳುತ್ತದೆ. ಎರಡೂ ಬೇಕಾಗುತ್ತವೆ.

ಉಳಿದ ಮೂರು ಸಂಜೆ

ಎರಡನೇ ಬದಿಯ "ಕ್ರಾಸ್ ದ ಬ್ರೀಜ್" ನಯವಾಗಿ ತೊಡಗಿ ಇದ್ದಕ್ಕಿದ್ದಂತೆ ಓಡತೊಡಗುತ್ತದೆ. ವಾಲ್ಯೂಮಿನ ಎಚ್ಚರಿಕೆ ಇಲ್ಲಿಗೂ ಅನ್ವಯ. "ಎರಿಕ್ಸ್ ಟ್ರಿಪ್" ಲೀ ರನಾಲ್ಡೊ ಹಾಡುವುದಕ್ಕಿಂತ ಹೆಚ್ಚಾಗಿ ಮಾತಿನಂತೆ ಒಪ್ಪಿಸುವ ಹಾಡು. "ಟೋಟಲ್ ಟ್ರ್ಯಾಶ್" ಮತ್ತೆ "ಸಿಲ್ವರ್ ರಾಕೆಟ್"ನ ಪಾಠವೇ, ಏಳೂವರೆ ನಿಮಿಷಕ್ಕೆ ಹಿಗ್ಗಿಸಿದ್ದು. ಮೊದಲ ಸಂಜೆ ಸರಿಯಾಗಿ ಕೂತಿದ್ದರೆ ಇಲ್ಲಿ ಮರಳುವಿಕೆಯನ್ನು ಮುಂಚಿತವಾಗಿ ಊಹಿಸಲು ಬರುತ್ತದೆ. ಪ್ರಯತ್ನಿಸಿ ನೋಡಿ: ಗದ್ದಲದ ನಡುವೆ ಡ್ರಮ್ಸಿನ ಪೆಟ್ಟು ಗಟ್ಟಿಯಾಗುತ್ತಾ ಬರುವುದೇ ಸುಳಿವು.

ಮೂರನೇ ಬದಿಯಲ್ಲಿ "ಪ್ರಾವಿಡೆನ್ಸ್" ಬಂದಾಗ ಫೈಲ್ ಹಾಳಾಗಿದೆ ಅಂದುಕೊಂಡು ಮುಂದೆ ಹೋದವರಿದ್ದಾರೆ. ಹಾಳಾಗಿಲ್ಲ. ಎರಡು ನಿಮಿಷ ನಲವತ್ತು ಸೆಕೆಂಡಿನ ಈ ತುಣುಕಿನಲ್ಲಿ ಇರುವುದು ಮೂರೇ: ವಾಕ್‌ಮನ್‌ನಲ್ಲಿ ಹಿಡಿದ, ಥರ್ಸ್ಟನ್ ಮೂರ್ ತಾಯಿಯ ಮನೆಯಲ್ಲಿ ನುಡಿಸಿದ ಪಿಯಾನೊ, ಅತಿಯಾಗಿ ಬಿಸಿಯಾಗಿ ಗೊರಗುಡುವ ಒಂದು ಆಂಪು, ಪ್ರಾವಿಡೆನ್ಸ್ ಊರಿನ ಪೇ ಫೋನಿನಿಂದ ಬೇಸ್ ವಾದಕ ಮೈಕ್ ವಾಟ್ ಬಿಟ್ಟ ಸಂದೇಶ. ಹಾಡು ಬೇಕಿಲ್ಲದೆಯೂ ಪದರ ಹೇಗೆ ಕೂರುತ್ತದೆ ಅನ್ನುವುದು ಇದಕ್ಕಿಂತ ಬಿಡಿಬಿಡಿಯಾಗಿ ಬೇರೆಲ್ಲೂ ಸಿಗುವುದಿಲ್ಲ. ಮೊದಲು ಪಿಯಾನೊ ಒಂದನ್ನೇ ಹಿಡಿಯಿರಿ, ಮತ್ತೊಮ್ಮೆ ಹಾಕಿ ಆಂಪಿನ ಗೊರಗೊರ ಒಂದನ್ನೇ.

ನಾಲ್ಕನೆಯದರಲ್ಲಿ "ಕಿಸ್ಸಬಿಲಿಟಿ", ಆಮೇಲೆ 14 ನಿಮಿಷದ "ಟ್ರಿಲಜಿ". ಆ ಹೊತ್ತಿಗೆ ನಿಮಗೆ ಹೇಳಿಕೊಡುವಂಥದ್ದೇನೂ ಉಳಿದಿರುವುದಿಲ್ಲ.

ಮೊದಲ ಸಂಜೆಯೇ ತಲೆ ಭಾರವಾದರೆ? ಮೊದಲು ವಾಲ್ಯೂಮ್ ನೋಡಿ, ಆಮೇಲೆ ಹೊತ್ತು ನೋಡಿ: ದಿನವಿಡೀ ಟ್ರಾಫಿಕ್ಕಿನಲ್ಲಿದ್ದು ಬಂದ ಕಿವಿ ಆಗಲೇ ದಣಿದಿರುತ್ತದೆ, ಊಟ-ನಿದ್ದೆ ಆದ ಬೆಳಗ್ಗೆಯ ಹೊತ್ತು ಇದಕ್ಕೆ ಚೆನ್ನ. ಬಸ್ಸು, ಮೆಟ್ರೊದಲ್ಲಿ ಮೊದಲ ಸಲ ಕೇಳುವುದು ಬೇಡ, ಹೊರಗಿನ ಗದ್ದಲ ಯಾವುದು ಒಳಗಿನದು ಯಾವುದು ಗೊತ್ತಾಗುವುದಿಲ್ಲ. ಬೇಸರ ಬಂದರೆ ಹಾಡಿನ ಮಧ್ಯೆ ನಿಲ್ಲಿಸದೆ ಹಾಡು ಮುಗಿದ ಮೇಲೆ ನಿಲ್ಲಿಸಿ. ಮರಳುವಿಕೆಗೆ ಮುಂಚೆ ನಿಲ್ಲಿಸಿದರೆ ನೆನಪಿನಲ್ಲಿ ಉಳಿಯುವುದು ಗದ್ದಲವೊಂದೇ. ನಾಲ್ಕೂ ಬದಿ ಎರಡೆರಡು ಸಲ ಆದಮೇಲೂ ರುಚಿಸದಿದ್ದರೆ ಬಿಟ್ಟುಬಿಡಿ. ಹಾಗಲಕಾಯಿ ಎಲ್ಲರಿಗೂ ಸೇರಬೇಕೆಂದೇನಿಲ್ಲ.

ರುಚಿ ಹತ್ತಿದರೆ ಮುಂದಿನ ಮೆಟ್ಟಿಲು

ಅದೇ ತಂಡದ "ಸಿಸ್ಟರ್" (1987), ಆಮೇಲೆ "ಈವಲ್" (1986): ಹೀಗೆ ಹಿಂದಕ್ಕೆ ನಡೆಯುವುದು ಸುಲಭದ ದಾರಿ. ಅಲ್ಲಿಂದ ಷಿಕಾಗೊದ ಬಿಗ್ ಬ್ಲ್ಯಾಕ್. ಅವರಲ್ಲಿ ಡ್ರಮ್ಸ್ ನುಡಿಸುವುದು ಮನುಷ್ಯರಲ್ಲ, ಯಂತ್ರ, ಗಿಟಾರು ತಗಡು ಕತ್ತರಿಸಿದಂತೆ. ನ್ಯೂಯಾರ್ಕಿನ ಸ್ವಾನ್ಸ್ ತಂಡದ ಮೊದಲ ಆಲ್ಬಮ್ಮುಗಳು ಇದರ ತದ್ವಿರುದ್ಧ, ಆನೆ ನಡೆದ ಹಾಗೆ ನಿಧಾನ. ಅವನ್ನು ಕೊನೆಗೆ ಇಟ್ಟುಕೊಳ್ಳಿ.

ಬೇರು ನೋಡಬೇಕೆಂದರೆ ವೆಲ್ವೆಟ್ ಅಂಡರ್‌ಗ್ರೌಂಡ್ ತಂಡದ 1968ರ "ವೈಟ್ ಲೈಟ್/ವೈಟ್ ಹೀಟ್", ಅದರ ಕೊನೆಯ ಹದಿನೇಳೂವರೆ ನಿಮಿಷದ ಹಾಡು. ಆ ತಂಡದ ಜಾನ್ ಕೇಲ್ ಅದಕ್ಕೆ ಮೊದಲು ಅಮೆರಿಕದ ಸಂಗೀತ ಸಂಯೋಜಕ ಲಾ ಮಾಂಟೆ ಯಂಗ್ ಅವರ ಕೂಟದಲ್ಲಿ ವಯೋಲಾದ ಮೇಲೆ ಒಂದೇ ಸ್ವರವನ್ನು ಗಂಟೆಗಟ್ಟಲೆ ಹಿಡಿಯುತ್ತಿದ್ದವರು. ಯಂಗ್ ಅವರಿಗೆ ತಂಬೂರಿಯ ನಾದ ಹಿಡಿಸಿದ್ದು ಅಲಿ ಅಕ್ಬರ್ ಖಾನರ ಎಲ್‌ಪಿಯಿಂದ. 1970ರಲ್ಲಿ ಅವರು ಕಿರಾನಾ ಘರಾಣೆಯ ಪಂಡಿತ್ ಪ್ರಾಣನಾಥರ ಶಿಷ್ಯರೇ ಆದರು. ಕುಂದಗೋಳದ ಸವಾಯಿ ಗಂಧರ್ವ, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್, ಗದಗಿನ ಭೀಮಸೇನ ಜೋಶಿ ಎಲ್ಲ ಅದೇ ಘರಾಣೆಯವರು. ಹಾಗಂತ ನಾಯ್ಸ್ ರಾಕ್ ಧಾರವಾಡದ ಸೀಮೆಯಿಂದ ಹೋಯಿತು ಅಂತ ಹೆಮ್ಮೆಪಡಲು ಹೊರಡಬೇಡಿ. ಯಂಗ್ ಶಿಷ್ಯರಾದದ್ದು ಕೇಲ್ ಆ ಕೂಟ ಬಿಟ್ಟಮೇಲೆ ನಡೆದ ಸಂಗತಿ. ಆದರೆ ತಂಬೂರಿಯ ಜೀವಾಳದ ನೂಲು ಸರಿಸಿ ಸರಿಸಿ ಝೇಂಕಾರ ಹುಡುಕುವುದನ್ನು ನೋಡಿದವರಿಗೆ ಈ ಸಂಗೀತದ ಒಂದು ಕೊಠಡಿ ಮೊದಲೇ ಪರಿಚಯ.

ವೇದಿಕೆಯ ಮುಂದೆ ಮೊದಲ ಸಲ

ಇಂಥ ತಂಡಗಳ ಕಾರ್ಯಕ್ರಮಕ್ಕೆ ಟಿಕೆಟ್ ಸಿಕ್ಕಿದರೆ ಜೇಬಿನಲ್ಲಿ ಇಯರ್‌ಪ್ಲಗ್ ಇರಲೇಬೇಕು. ಮೈ ಬ್ಲಡಿ ವ್ಯಾಲಂಟೈನ್ ತಂಡ 2008ರಲ್ಲಿ ಮತ್ತೆ ವೇದಿಕೆ ಹತ್ತಿದಾಗ ಬಾಗಿಲಲ್ಲೇ ಇಯರ್‌ಪ್ಲಗ್ ಹಂಚಿದ್ದರು. ಎಲ್ಲರೂ ಹಂಚುವುದಿಲ್ಲ.

ಲೆಕ್ಕ ಹೀಗೆ. ಕೆಲಸದ ಜಾಗಗಳಿಗೆ ಅಮೆರಿಕದ ನಯೋಷ್ ಸಂಸ್ಥೆ ಹಾಕಿಕೊಟ್ಟ ಮಿತಿ 85 ಡೆಸಿಬೆಲ್‌ಗೆ ದಿನಕ್ಕೆ ಎಂಟು ಗಂಟೆ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಂತೆ ಹೊತ್ತು ಅರ್ಧವಾಗುತ್ತದೆ: 94ಕ್ಕೆ ಒಂದು ಗಂಟೆ, 100ಕ್ಕೆ ಕಾಲು ಗಂಟೆ, 106ಕ್ಕೆ ನಾಲ್ಕು ನಿಮಿಷವೂ ಇಲ್ಲ. ಅದೇ 106ರ ಜಾಗದಲ್ಲಿ ನಿಮ್ಮ ಪ್ಲಗ್ ನಿಜವಾಗಿ 20 ಡೆಸಿಬೆಲ್ ತಡೆದರೆ ಕಿವಿಗೆ ಬೀಳುವುದು 86. ಇಡೀ ಕಾರ್ಯಕ್ರಮ ನಿಶ್ಚಿಂತೆಯಿಂದ ಕೇಳಬಹುದು.

ಫೋಮ್ ಪ್ಲಗ್ ಅಗ್ಗ, ತಡೆಯುವುದೂ ಹೆಚ್ಚು, ಆದರೆ ಮೇಲಿನ ಸ್ವರಗಳನ್ನು ಜಾಸ್ತಿ ನುಂಗಿ ಸಂಗೀತವನ್ನು ಮಂಕು ಮಾಡುತ್ತದೆ. ಸಂಗೀತಗಾರರಿಗೆಂದೇ ಮಾಡಿದ ಫಿಲ್ಟರ್ ಇರುವ ಪ್ಲಗ್ ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮನಾಗಿ ಇಳಿಸುತ್ತದೆ. ಹತ್ತಿ, ಟಿಶ್ಯೂ ತುರುಕಿಕೊಂಡರೆ ಸಾಲದು. ಫೋಮ್ ಹಾಕುವ ಬಗೆ: ಕೈ ತೊಳೆದು, ಪ್ಲಗ್ಗನ್ನು ಬೆರಳುಗಳ ನಡುವೆ ಹೊಸೆದು ಬತ್ತಿಯಷ್ಟು ತೆಳ್ಳಗೆ ಮಾಡಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ, ಒಳದಾರಿ ನೇರವಾಗುತ್ತದೆ. ಒಳಗಿಟ್ಟು, ಉಬ್ಬಿ ಕೂರುವವರೆಗೆ ಅರ್ಧ ನಿಮಿಷ ಬೆರಳಿಂದ ಒತ್ತಿಹಿಡಿಯಿರಿ. ಪರೀಕ್ಷೆ: ಎರಡೂ ಅಂಗೈಯಿಂದ ಕಿವಿ ಮುಚ್ಚಿ ನೋಡಿ. ಸದ್ದು ಇನ್ನೂ ಗಣನೀಯವಾಗಿ ಇಳಿದರೆ ಪ್ಲಗ್ ಸರಿಯಾಗಿ ಕೂತಿಲ್ಲ, ತೆಗೆದು ಮತ್ತೆ ಹಾಕಿ. ಅರ್ಧ ಹೊರಗಿರುವ ಪ್ಲಗ್ ಹಾಕಿಕೊಳ್ಳದಿದ್ದಂತೆಯೇ. ಮೊದಲ ಸ್ವರಕ್ಕೆ ಮುಂಚೆ ಹಾಕಬೇಕು, ನೋವು ಶುರುವಾದ ಮೇಲಲ್ಲ.

ನಿಲ್ಲುವ ಜಾಗ ಸೌಂಡ್ ಎಂಜಿನಿಯರ್ ಕೂತ ಮೇಜಿನ ಹತ್ತಿರ. ಅವರು ಕೇಳುತ್ತಾ ಹೊಂದಿಸುವುದು ಆ ಜಾಗದಿಂದಲೇ. ವೇದಿಕೆಯ ಅಂಚಿಗೇ ಹೋದರೆ ಗಿಟಾರ್ ಆಂಪಿನ ಸದ್ದು ನೇರ ಮುಖಕ್ಕೆ ಹೊಡೆಯುತ್ತದೆ, ಹಾಡುವ ಧ್ವನಿ ಬದಿಯ ದೊಡ್ಡ ಸ್ಪೀಕರಿನಿಂದ ಬರುವುದರಿಂದ ನಿಮ್ಮನ್ನು ದಾಟಿ ಹೋಗಿಬಿಡುತ್ತದೆ. ಆ ದೊಡ್ಡ ಸ್ಪೀಕರುಗಳ ಎದುರು ಮಾತ್ರ ಯಾವ ಕಾರಣಕ್ಕೂ ನಿಲ್ಲಬೇಡಿ. ಮಕ್ಕಳನ್ನು ಕರೆದುಕೊಂಡು ಹೋಗುವಂತಿದ್ದರೆ ಪ್ಲಗ್ ಅಲ್ಲ, ಕಿವಿ ಪೂರ್ತಿ ಮುಚ್ಚುವ ಇಯರ್‌ಮಫ್, ಹಿಂದಿನ ಸಾಲು. ಹಾಡಿನ ನಡುವೆ ಗಿಟಾರ್ ಬದಲಿಸಲು, ಶ್ರುತಿ ಮಾಡಲು ಹೊತ್ತು ಹಿಡಿಯುತ್ತದೆ. ಆ ಬಿಡುವಿನಲ್ಲಿ ಹೊರಗೆ ಹೋಗಿ ಐದು ನಿಮಿಷ ಕಿವಿಗೆ ವಿರಾಮ ಕೊಟ್ಟು ಬಂದರೂ ನಷ್ಟವಿಲ್ಲ.

ಮನೆಗೆ ಬಂದ ಮೇಲೆ ಕಿವಿಯಲ್ಲಿ ಗುಂಯ್ ಅನ್ನುತ್ತಿದ್ದರೆ ಆ ರಾತ್ರಿ ಹೆಡ್‌ಫೋನ್ ಮುಟ್ಟಬೇಡಿ. ಸಾಮಾನ್ಯವಾಗಿ ಒಂದು ದಿನದೊಳಗೆ ಹೋಗುತ್ತದೆ, ಆದರೆ ಮುಂದಿನ ಸಲ ಪ್ಲಗ್ ಇನ್ನೂ ಚೆನ್ನಾಗಿ ಕೂರಬೇಕು ಅನ್ನುವ ಸೂಚನೆ ಅದು. ಎರಡು ದಿನ ಕಳೆದರೂ ನಿಲ್ಲದಿದ್ದರೆ ಇಎನ್‌ಟಿ ವೈದ್ಯರಿಗೆ ತೋರಿಸಿ. ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾಗಿದ್ದರೆ ಎರಡು ದಿನವೂ ಕಾಯದೆ ಅವತ್ತೇ ಹೋಗಿ.